ಖಾನಾವಳಿ ಚನ್ನಬಸವ್ವನ ಬಲ್ಗೇರಿಯದ ಗಿರಾಕಿಗಳು

ನನ್ನ ಅತ್ತೆ ಚನ್ನಬಸವ್ವನಿಗೆ ಎಪ್ಪತ್ತು ದಾಟಿದೆ. ಇರುವ ಕಾಯಿಲೆಗಳು ಮೂರು: ಮೊಣಕಾಲು ನೋವು, ಬಿಪಿ ಮತ್ತು ಬಲ್ಗೇರಿಯ ದೇಶದ ಮೂರನೇ ದರ್ಜೆಯ ಫುಟ್‌ಬಾಲ್. ಮೊದಲ ಎರಡಕ್ಕೆ ಸಿಂಗಪುರದ ಜುರಾಂಗ್ ವೆಸ್ಟ್‌ನ ಡಾಕ್ಟರು ಮಾತ್ರೆ ಕೊಡುತ್ತಾರೆ. ಮೂರನೆಯದಕ್ಕೆ ಮದ್ದಿಲ್ಲ, ಅದನ್ನು ಅಂಟಿಸಿದವನು ನನ್ನ ಗಂಡ.

ಅತ್ತೆ ಬಾಗಲಕೋಟೆಯ ಬಸ್ ಸ್ಟ್ಯಾಂಡಿನ ಹಿಂದೆ ಲಿಂಗಾಯತ ಖಾನಾವಳಿ ನಡೆಸಿದ ಹೆಂಗಸು. ಕಂಡಕ್ಟರು, ಬ್ಯಾಂಕಿನ ಗುಮಾಸ್ತರು, ಪರೀಕ್ಷೆಗೆ ಓದುವ ಹುಡುಗರು ಎಲ್ಲರೂ ಅವರ ಗಿರಾಕಿಗಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜೊತೆಗೆ ಬೈಗುಳ. ಬೈಗುಳಕ್ಕೆ ಬೇರೆ ರೇಟಿರಲಿಲ್ಲ. 'ಏ ಖೋಡಿ, ತಾಟಿನ್ಯಾಗ ಅನ್ನ ಬಿಟ್ಟಿ ಅಂದ್ರ ನಾಳೆ ಬರಬ್ಯಾಡ' ಎಂದು ತಹಶೀಲ್ದಾರರಿಗೂ ಹೇಳಿದ್ದಾರಂತೆ. ತಹಶೀಲ್ದಾರರು ಮರುದಿನ ಬಂದು ತಾಟು ನೆಕ್ಕಿ ಹೋದರಂತೆ. ಇದು ಅತ್ತೆಯೇ ಹೇಳಿದ ಕತೆ, ಅರ್ಧ ಕಳೆದು ನಂಬಿ. ಆಮೇಲೆ ರಸ್ತೆ ಅಗಲ ಮಾಡಿದರು, ಖಾನಾವಳಿ ಹೋಯಿತು, ಅತ್ತೆ ನಮ್ಮ ಮನೆಗೆ ಬಂದರು.

ಸಿಂಗಪುರದಲ್ಲಿ ಅವರಿಗೆ ಎಲ್ಲವೂ ಸಿಕ್ಕಿತು, ಬೈಯಲು ಜನ ಮಾತ್ರ ಸಿಗಲಿಲ್ಲ. ಬ್ಲಾಕಿನ ಬುಡದ ಖಾಲಿ ಪಡಸಾಲೆಯಾದ ವಾಯ್ಡ್ ಡೆಕ್‌ನಲ್ಲಿ ಕೂತ ಚೀನೀ ಅಜ್ಜಿಯರನ್ನು ಕೆಣಕಿ ನೋಡಿದರು, ಅವರು ನಕ್ಕು ಕಿತ್ತಳೆ ಹಣ್ಣು ಕೊಟ್ಟರು. ಹಾಕರ್ ಸೆಂಟರ್ ಎಂಬ ಊಟದಂಗಡಿಗಳ ಸಾಲಿನ ಸಸ್ಯಾಹಾರಿ ಅಂಗಡಿಯವನಿಗೆ 'ಹಿಂಗ ಸೌಟು ಹಿಡಿದ್ರ ಗಿರಾಕಿ ಉಪವಾಸ ಸಾಯ್ತಾರ' ಎಂದು ಅಪ್ಪಟ ಬಾಗಲಕೋಟೆ ಭಾಷೆಯಲ್ಲಿ ದಬಾಯಿಸಿದರು. ಅವನು ಇನ್ನೊಂದು ಸೌಟು ಹೆಚ್ಚಿಗೆ ಹಾಕಿ ಕೈ ಮುಗಿದ.

"ಎಲ್ಲಾರೂ ನಗತಾರ, ಒಬ್ಬರೂ ತಿರುಗಿ ಮಾತಾಡಂಗಿಲ್ಲ. ಇದೆಂಥ ಊರವ್ವಾ?" ಎಂದರು ಮನೆಗೆ ಬಂದು.

ಉಳಿದವಳು ನಾನು. ಜುರಾಂಗ್ ಈಸ್ಟ್‌ನ ಆಫೀಸಿನಲ್ಲಿ ದಿನವಿಡೀ ಮ್ಯಾನೇಜರಿನಿಂದ ಬೈಸಿಕೊಂಡು ಬಂದರೆ ಮನೆಯಲ್ಲಿ ಸೆಕೆಂಡ್ ಶಿಫ್ಟ್. ನನ್ನ ರೊಟ್ಟಿ ದಪ್ಪ, ಸಾರು ನೀರು, ಕಸ ಗುಡಿಸುವ ರೀತಿ ನೋಡಿದರೆ ಲಕ್ಷ್ಮಿ ಲಿಫ್ಟ್ ಹಿಡಿದು ಇಳಿದು ಹೋಗುತ್ತಾಳೆ. ನಾನೂ ಹುಬ್ಬಳ್ಳಿಯವಳೇ, ಬಾಯಿ ನನಗೂ ಇದೆ. ಆದರೆ ಅತ್ತೆಗೆ ತಿರುಗಿ ಮಾತಾಡಿದರೆ ಮೂರು ದಿನ ಗಂಡ ಮುಖ ಊದಿಸುತ್ತಾನೆ. ಹಾಗಾಗಿ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಗಂಡ ಶಿವಯೋಗೀಶನದು ಪಂಪ್ ಕೂಡಿಸುವ ಕೆಲಸ. ಒಮ್ಮೆ ಕಂಪನಿಯವರು ಬಲ್ಗೇರಿಯದ ಸ್ತಾರಿ ಬ್ರೆಗ್ ಎಂಬ ಊರಿನ ಕಾಗದದ ಕಾರ್ಖಾನೆಗೆ ಕಳಿಸಿದರು. ಪಂಪ್ ಓಡಲಿಲ್ಲ, ಇವನಿಗೆ ಊರು ಹಿಡಿಸಿತು. ಕಾರ್ಖಾನೆಯ ಫೋರ್‌ಮನ್ ಇಲಿಯಾ ಎಂಬವನು ಪ್ರತಿ ಶನಿವಾರ ಇವನನ್ನು ಊರ ಮೈದಾನಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಒಂದು ಕಡೆ ನದಿ, ಒಂದು ಕಡೆ ಮೇಕೆ, ನಡುವೆ ಸ್ತಾರಿ ಬ್ರೆಗ್ ಕ್ಲಬ್ಬಿನ ಹನ್ನೊಂದು ಮಂದಿ. ಅರೆಬರೆ ಬಲ್ಗೇರಿಯನ್ ಮಾತು ಕಲಿತು ವಾಪಸ್ ಬಂದ ಮೇಲೂ ಇವನ ಹುಚ್ಚು ಬಿಡಲಿಲ್ಲ. ಶನಿವಾರ ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಇಂಟರ್‌ನೆಟ್ಟಿನಿಂದ ಮ್ಯಾಚನ್ನು ಟಿವಿಗೆ ಹಚ್ಚಿ ಕೂರುತ್ತಿದ್ದ.

ಆ ದೇಶದಲ್ಲಿ ಮೊದಲನೇ ದರ್ಜೆಯ ಲೀಗಿಗೆ ಟಿವಿ ಚಾನೆಲ್ಲುಗಳಿವೆ, ಎರಡನೆಯದಕ್ಕೆ ಪೇಪರಿನವರಿದ್ದಾರೆ. ಮೂರನೆಯದಕ್ಕೆ ಇಲಿಯಾ ಇದ್ದಾನೆ. ಒಂದು ಕೋಲಿಗೆ ಫೋನ್ ಕಟ್ಟಿಕೊಂಡು ಅವನೇ ತೋರಿಸಬೇಕು. ಸಿಗರೇಟು ಹಚ್ಚುವಾಗ ನಮಗೆ ಆಕಾಶ ಕಾಣುತ್ತದೆ. ಅವನ ಕಡೆಯವರು ಗೋಲು ಹೊಡೆದರೆ ಇಲಿಯಾ ಕುಣಿಯುವುದರಿಂದ ಅವನ ಬೂಟು ಕಾಣುತ್ತದೆ. ಸ್ತಾರಿ ಬ್ರೆಗ್ ಹೊಡೆದ ಒಂದು ಗೋಲನ್ನೂ ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ಬಿಟ್ಟುಕೊಟ್ಟ ಗೋಲುಗಳು ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತವೆ.

ಅತ್ತೆ ಮೊದಲ ದಿನ ಅವರೇಕಾಯಿ ಬಿಡಿಸುತ್ತಾ ಅರೆಗಣ್ಣಿನಲ್ಲಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಕೈ ನಿಂತಿತು.

"ಆ ಬಲೆ ಮುಂದ ನಿಂತಾನಲ್ಲ, ದಪ್ಪನ್ನ ಹುಡುಗ, ಅಂವ ಯಾರು?"

"ಗೋಲ್‌ಕೀಪರ್ ಅವ್ವಾ. ಮ್ಲಾಡೆನ್ ಅಂತ. ವಾರದಾಗ ನಳದ ಕೆಲಸ ಮಾಡ್ತಾನ, ಶನಿವಾರ ಆಡ್ತಾನ."

"ಭಾಳ ಉಂಡಾನ. ನೋಡು, ಬಗ್ಗಾಕ ಬರವಲ್ದು. ಏ ಖೋಡಿ! ಬಗ್ಗು! ಬಗ್ಗಲೇ!"

ಚೆಂಡು ಮ್ಲಾಡೆನ್ನನ ಕಾಲ ಸಂದಿಯಲ್ಲಿ ತೂರಿ ಒಳಗೆ ಹೋಯಿತು. ಅತ್ತೆಯ ಮುಖದಲ್ಲಿ ಕಂಡ ಕಳೆಯನ್ನು ನಾನು ಅವರು ಸಿಂಗಪುರಕ್ಕೆ ಬಂದ ಮೇಲೆ ಕಂಡಿರಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಸೋಫಾದ ತುದಿಗೆ ಸರಿದರು. ಆವತ್ತು ಹನ್ನೊಂದು ಮಂದಿಗೂ ತಲಾ ಒಂದರಂತೆ ಬೈಗುಳ ಬಡಿಸಿ, ರೆಫರಿಗೆ ಎರಡನೇ ಸಲ ಕೇಳಿ ಬಡಿಸಿದರು. ರಾತ್ರಿ ನನ್ನ ಸಾರನ್ನು ಉಂಡು 'ಅಡ್ಡಿಯಿಲ್ಲ' ಎಂದರು. ನಾನು ಅಡುಗೆಮನೆಯಲ್ಲಿ ನಿಂತು ಬಲ್ಗೇರಿಯ ದೇಶಕ್ಕೆ ಮನಸ್ಸಿನಲ್ಲೇ ಕಾಯಿ ಒಡೆದೆ.

ಅಲ್ಲಿಂದ ಶನಿವಾರ ಅಂದರೆ ಅತ್ತೆಯನ್ನು ಮನೆಯಿಂದ ಕದಲಿಸುವ ಹಾಗಿಲ್ಲ. ಬಿಶಾನ್‌ನ ಶಾಮಲಾ, ಮೈಸೂರಿನ ಕಡೆಯವಳು, ಸತ್ಯನಾರಾಯಣ ಪೂಜೆಗೆ ಕರೆಯಲು ಫೋನ್ ಮಾಡಿದ್ದಳು.

"ಆಂಟಿ, ಸ್ಯಾಟರ್ಡೇ ಈವ್ನಿಂಗ್ ಫ್ರೀ ಮಾಡ್ಕೊಳ್ಳಿ, ಬರ್ಲೇಬೇಕು."

"ಶನಿವಾರ ಆಗಂಗಿಲ್ಲವ್ವಾ. ನಮ್ಮ ಹುಡುಗರದು ಮ್ಯಾಚ್ ಐತಿ."

"ಓ, ಮೊಮ್ಮಕ್ಕಳು ಆಡ್ತಾರಾ? ಸ್ಕೂಲ್ ಟೀಮಾ?"

"ಮೊಮ್ಮಕ್ಕಳಲ್ಲ. ಬಲ್ಗೇರಿಯಾದವ್ರು."

ಶಾಮಲಾ ಆಮೇಲೆ ನನಗೆ ಬೇರೆಯಾಗಿ ಫೋನ್ ಮಾಡಿ, ಆಂಟಿಗೆ ಮರೆವು ಶುರುವಾಗಿದೆಯೇ, ಒಳ್ಳೆಯ ಡಾಕ್ಟರ್ ಗೊತ್ತು ಎಂದಳು. ಮರೆವಂತೆ! ಹೋದ ವರ್ಷ ಯಾರು ಯಾವ ಪೆನಾಲ್ಟಿ ಬಿಟ್ಟರು ಎಂಬುದು ಅತ್ತೆಯ ನಾಲಿಗೆಯ ತುದಿಯಲ್ಲಿತ್ತು.

ಮಾರ್ಚ್ ತಿಂಗಳ ಮೊದಲ ಶನಿವಾರ ಆಟಗಾರರೆಲ್ಲ ಮಣಿಕಟ್ಟಿಗೆ ಕೆಂಪು ಬಿಳಿ ದಾರ ಕಟ್ಟಿಕೊಂಡು ಇಳಿದರು. ಅತ್ತೆ ಎದ್ದು ನಿಂತರು.

"ಕಂಕಣ! ಯೋಗೀಶಾ, ಹುಡುಗರು ಕಂಕಣ ಕಟ್ಟಿಕೊಂಡಾರ ನೋಡೋ!"

ಅದು ಅವರ ದೇಶದ ಪದ್ಧತಿ, ಚಳಿ ಮುಗಿದು ವಸಂತ ಬರಲಿ ಎಂದು ಕಟ್ಟುತ್ತಾರೆ, ಕೊಕ್ಕರೆಯನ್ನೋ ಹೂಬಿಟ್ಟ ಮರವನ್ನೋ ಕಂಡ ದಿನ ಬಿಚ್ಚಿ ಕೊಂಬೆಗೆ ಕಟ್ಟುತ್ತಾರೆ ಎಂದು ಗಂಡ ವಿವರಿಸಿದ. ಅತ್ತೆ ಕೈಯ ದಾರ ಕಂಡಿದ್ದರು, ಅಷ್ಟು ಸಾಕು. ನಮ್ಮ ಕಡೆ ಕಂಕಣ ಕಟ್ಟಿದರೆ ಆಯಿತು, ಮದುವೆಯಾಗಲಿ ಜಾತ್ರೆಯಾಗಲಿ, ಹಿಡಿದ ಕಾರ್ಯ ಮುಗಿಯುವ ತನಕ ಬಿಚ್ಚುವಂತಿಲ್ಲ. ಹುಡುಗರು ಈ ಸಲ ಗೆದ್ದೇ ತೀರುತ್ತೇವೆಂದು ಪಣ ತೊಟ್ಟಿದ್ದಾರೆ ಎಂದು ಅತ್ತೆ ತೀರ್ಮಾನಿಸಿಬಿಟ್ಟರು. ಎರಡು ವಾರ ಬೈಗುಳವನ್ನೂ ಕಡಿಮೆ ಮಾಡಿದರು. ಮೂರನೇ ವಾರ ಮ್ಲಾಡೆನ್ ಬರಿಗೈಯಲ್ಲಿ ನಿಂತು ಗ್ಲವ್ಸ್ ಹಾಕಿಕೊಳ್ಳುವುದು ಇಲಿಯಾನ ಫೋನಿನಲ್ಲಿ ಕಂಡಿತು. ಎಲ್ಲೋ ಕೊಕ್ಕರೆ ಕಂಡಿರಬೇಕು ಪಾಪ. ಆವತ್ತು ನಾಲ್ಕು ಗೋಲು ಬಿಟ್ಟ.

"ಕಂಕಣ ಬಿಚ್ಚ್ಯಾನ! ಕಾರ್ಯ ಮುಗಿಯೂದ್ರಾಗ ಬಿಚ್ಚ್ಯಾನ! ನಿನ್ನ ಹೆಣಾ ಎತ್ತಲಿ, ಊರಿಗೇ ಕೇಡು ತಂದೆಲ್ಲೋ!" ಎಂದು ಅತ್ತೆ ಕೂಗಿದ್ದಕ್ಕೆ ಮೇಲಿನ ಮನೆಯವರು ಇಳಿದು ಬಂದು, ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿಕೊಂಡು ಹೋದರು.

ವಿಚಿತ್ರವೆಂದರೆ ಅಲ್ಲಿಂದ ಸೋಲಿನ ಮೇಲೆ ಸೋಲು. ಮೇ ಹೊತ್ತಿಗೆ ಕ್ಲಬ್ಬು ಮೂರನೇ ದರ್ಜೆಯಿಂದ ಕೆಳಗೆ ಬೀಳುವ ಅಂಚಿಗೆ ಬಂತು. ಇಲಿಯಾ ಗಂಡನಿಗೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ: ಕೆಳಗಿನದು ಜಿಲ್ಲಾ ಲೀಗ್, ಅದನ್ನು ಯಾರೂ ನೋಡುವುದಿಲ್ಲ, ಅಲ್ಲಿಗೆ ಬಿದ್ದರೆ ಈ ತೋರಿಸುವ ಕೆಲಸವನ್ನು ಕ್ಲಬ್ಬು ನಿಲ್ಲಿಸುತ್ತದೆ. ಕೊನೆಯ ಮ್ಯಾಚ್ ಡ್ರಾ ಆದರೂ ಸಾಕು, ಬದುಕಿಕೊಳ್ಳುತ್ತೇವೆ.

ಗಂಡ ಇದನ್ನು ಹೇಳಿದಾಗ ಅತ್ತೆ ಸೊಂಟಕ್ಕೆ ಸಿಗಿಸಿದ್ದ ಸೆರಗನ್ನು ಬಿಚ್ಚಿ ಹೊದ್ದುಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು. "ಹಂಗಾದ್ರ ಶನಿವಾರ ನಾ ಏನ್ ಮಾಡ್ಲಿ?"

ನನಗೆ ನನ್ನ ಸಾರಿನ ಚಿಂತೆ ಇರಲಿಲ್ಲ ಎಂದಲ್ಲ. ಆದರೆ ಬಸ್ ಸ್ಟ್ಯಾಂಡನ್ನೇ ನಡುಗಿಸಿದ ಹೆಂಗಸು ಹಾಗೆ ಕೇಳಬಾರದಿತ್ತು.

ಮರುದಿನ ಅತ್ತೆ ನನ್ನನ್ನು ಲಿಟಲ್ ಇಂಡಿಯಾಕ್ಕೆ ಎಳೆದುಕೊಂಡು ಹೋಗಿ ಅರಿಶಿನ ಕೊಂಬು, ಹತ್ತಿಯ ದಾರ ಕೊಂಡರು. ಕೂತು ಇಡೀ ತಂಡಕ್ಕೆ ಕಂಕಣ ಮಾಡಿದರು, ಆಡುವವರಿಗೂ ಬೆಂಚಿನ ಮೇಲೆ ಕೂತವರಿಗೂ. ಅರಿಶಿನದಲ್ಲಿ ಅದ್ದಿ ಒಣಗಿಸಿ, ನಡುವೆ ಕೊಂಬು ಕಟ್ಟಿ, ಬಾಲ್ಕನಿಯಿಲ್ಲದ ಮನೆಯ ಕಿಟಕಿಯಾಚೆ ಬಟ್ಟೆ ಒಣಹಾಕುವ ಬಿದಿರಿಗೆ ನೇತುಹಾಕಿದ್ದನ್ನು ಕಂಡು ಎದುರು ಬ್ಲಾಕಿನವರು ಫೋಟೋ ತೆಗೆದುಕೊಂಡರು. ಆಟ ಮುಗಿಯುವ ತನಕ ಬಿಚ್ಚಕೂಡದು ಎಂಬ ಅತ್ತೆಯ ಅಪ್ಪಣೆಯನ್ನು ಗಂಡ ಇಲಿಯಾನಿಗೆ ಫೋನಿನಲ್ಲಿ ಮುಟ್ಟಿಸಿದ. ಬಲ್ಗೇರಿಯಕ್ಕೆ ಕಳಿಸಲು ಹೋದಾಗ ಕೊರಿಯರ್ ಆಫೀಸಿನ ಹುಡುಗಿ ಒಳಗೇನಿದೆ ಎಂದು ಕೇಳಿದಾಗ ನಾನು 'ಸ್ಪೋರ್ಟ್ಸ್ ಸಾಮಾನು' ಎಂದೆ.

ಕೊನೆಯ ಮ್ಯಾಚಿನ ದಿನ ಸ್ತಾರಿ ಬ್ರೆಗ್‌ನ ಹುಡುಗರು ಸಾಲಾಗಿ ನಿಂತು ಕ್ಯಾಮೆರಾಕ್ಕೆ ಕೈ ಎತ್ತಿ ತೋರಿಸಿದರು. ಎಲ್ಲರ ಕೈಯಲ್ಲೂ ಹಳದಿ ದಾರ! ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. ಆದರೆ ರೆಫರಿ ಬಂದ, ಬರೀ ದಾರವಾದರೆ ಸರಿ, ಕೈಯಲ್ಲಿ ಗಟ್ಟಿ ಕೊಂಬು ಇರಕೂಡದು, ನಿಯಮ ಎಂದ. ಒಬ್ಬೊಬ್ಬರೇ ಬಿಚ್ಚಿ ಇಲಿಯಾನ ಕೈಗೆ ಕೊಟ್ಟರು. ಅವನು ಅವನ್ನೆಲ್ಲ ಮೊಳಕೈವರೆಗೆ ಏರಿಸಿಕೊಂಡು ಬಳೆಗಾರನಾದ.

"ಆ ರೆಫರಿಗೆ ತಾಯಿ ಇಲ್ಲೇನು?" ಎಂದು ಅತ್ತೆ ಕುಸಿದು ಕೂತರು.

ಒಂದೊಂದು ಗೋಲಿನಲ್ಲಿ ಸಮ. ಆಟ ಕೊನೆಗೆ ಬಂತು. ಇಷ್ಟು ದಿನ ಚೆಂಡು ದುಂಡಗಿದೆ ಎಂಬುದಷ್ಟೇ ಗೊತ್ತಿದ್ದ ನಾನೂ ಪಾತ್ರೆ ಬಿಟ್ಟು ಬಂದು ನಿಂತೆ. ಆಗಲೇ ಸ್ತಾರಿ ಬ್ರೆಗ್‌ನ ಒಬ್ಬ ಕತ್ತೆ ತಮ್ಮದೇ ಗೋಲಿನ ಮುಂದೆ ಎದುರಾಳಿಯ ಕಾಲಿಗೆ ಒದ್ದ. ಪೆನಾಲ್ಟಿ. ಮ್ಲಾಡೆನ್ ಎರಡೂ ಕೈ ಚಾಚಿ ನಿಂತ. ಅತ್ತೆ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದರು. ಮ್ಲಾಡೆನ್ ಎಡಕ್ಕೆ ಹಾರಿದ, ಬಹಳ ಚೆನ್ನಾಗಿ ಹಾರಿದ, ಚೆಂಡು ಬಲಕ್ಕೆ ಹೋಯಿತು.

ಮುಗಿಯಿತು. ಇಲಿಯಾನ ಫೋನು ಕೆಳಗಿಳಿದು ಹುಲ್ಲು ಕಾಣಿಸಿತು. ಯಾರೋ ಅಳುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮ್ಲಾಡೆನ್ನನ ಮುಖ ಟಿವಿ ತುಂಬ ಬಂತು, ಕೆಂಪಗೆ, ಬೆವೆತು. ಬಲಗೈಯ ಗ್ಲವ್ ಕಿತ್ತ. ಒಳಗೆ ಕಂಕಣ ಹಾಗೇ ಇತ್ತು. ರೆಫರಿಯ ಕಣ್ಣು ತಪ್ಪಿಸಿ ಉಳಿಸಿಕೊಂಡಿದ್ದ. ಬೆವರಿಗೆ ಅರಿಶಿನ ಕರಗಿ ಇಡೀ ಮುಂಗೈ ಹಳದಿಯಾಗಿತ್ತು. ಆಮೇಲೆ ಏನೋ ಅಂದ.

"ನಾ ಬಿಚ್ಚಿಲ್ಲ ಅಜ್ಜಿ, ಕ್ಷಮಿಸು ಅಂತಾನವ್ವಾ," ಎಂದ ಗಂಡ.

ಈಗ ಬರುತ್ತದೆ ನೋಡು ಮಹಾಪೂರ ಎಂದು ನಾನು ಕಾದೆ. ಅತ್ತೆ ಎದ್ದು ಒಳಗೆ ಹೋದರು. ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ, ಚಟ್ನಿ, ಮೇಲೊಂದು ಬೆಣ್ಣೆಯ ಉಂಡೆ ಇಟ್ಟು ತಂದು ಟಿವಿಯ ಮುಂದೆ ನೆಲದ ಮೇಲಿಟ್ಟರು.

"ಸೋತು ಬಂದವಗ ಏನೂ ಕೇಳಬಾರದು, ಮೊದಲ ಊಟಕ್ಕ ಹಾಕಬೇಕು. ಫೇಲಾದ ಹುಡುಗರಿಗೆ ನಾ ಹಂಗ ಮಾಡ್ತಿದ್ದೆ," ಎಂದರು. ಟಿವಿಯಲ್ಲಿ ಚಿತ್ರ ಹೋಗಿತ್ತು. ನನಗೆ ಅಳು ತಡೆಯಲಿಲ್ಲ.

ಆಮೇಲಿನ ಶನಿವಾರಗಳು ಯಾರಿಗೂ ಬೇಡ. ಅತ್ತೆ ನನ್ನನ್ನೂ ಬೈಯಲಿಲ್ಲ. ಬೇಕೆಂದೇ ಉಪ್ಪು ಹೆಚ್ಚಿಗೆ ಹಾಕಿ ನೋಡಿದೆ, ತೆಪ್ಪಗೆ ಉಂಡು ಕೈ ತೊಳೆದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಸಂಜೆ ಇಲಿಯಾ ಗಂಡನಿಗೆ ವಿಡಿಯೋ ಕಾಲ್ ಮಾಡಿದ, ಪಕ್ಕದಲ್ಲಿ ಮ್ಲಾಡೆನ್. ಗಂಡ ಫೋನನ್ನು ಅತ್ತೆಯ ಮುಂದೆ ಹಿಡಿದ. "ಅವ್ವಾ, ಅಂವ ಕಂಕಣ ಇನ್ನೂ ಬಿಚ್ಚಿಲ್ಲಂತ. ಆಟ ಮುಗೀತಲ್ಲ, ಈಗ ಬಿಚ್ಚಬಹುದೇನು ಅಂತ ಕೇಳ್ತಾನ."

ಅತ್ತೆ ಆ ಹಳದಿ ದಾರವನ್ನೇ ನೋಡಿದರು. ಕಣ್ಣಲ್ಲಿ ಹಳೆಯ ಖಾನಾವಳಿಯ ಮಿಂಚು ಬಂತು.

"ಬಿಚ್ಚಂಗಿಲ್ಲ ಅಂತ ಹೇಳು. ತಿರುಗಿ ಮ್ಯಾಲಿನ ಲೀಗಿಗೆ ಬರೂತನಕಾ ಬಿಚ್ಚಂಗಿಲ್ಲ. ಮತ್ತ ಕಂಕಣ ಕಟ್ಟಿದಾಕಿ ವಾರಕ್ಕೊಮ್ಮೆ ಅದನ್ನ ಕಣ್ಣಿಂದ ನೋಡಬೇಕು. ಆಡೂ ಮುಂದ, ಪ್ರತಿ ಶನಿವಾರ. ನಮ್ಮ ಪದ್ಧತಿ ಐತಿ ಅನ್ನು."

ಅಂಥ ಪದ್ಧತಿ ಬಾಗಲಕೋಟೆಯಲ್ಲೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ಗಂಡ ನನ್ನ ಮುಖ ನೋಡಿದ. "ಹೌದ್ರೀ, ಐತಿ," ಎಂದೆ ನಾನು.

ಈಗ ಶನಿವಾರ ಮ್ಲಾಡೆನ್ ತನ್ನ ಫೋನಿನಿಂದ ನಮ್ಮ ಮನೆಗೆ ಕಾಲ್ ಮಾಡಿ, ಅದನ್ನು ಗೋಲಿನ ಬಲೆಯ ಹಿಂದೆ ನೀರಿನ ಬಾಟಲಿಗೆ ಒರಗಿಸಿ ಆಡುತ್ತಾನೆ. ನಮಗೆ ಆಟವೆಲ್ಲ ಅವನ ಬೆನ್ನಿನ ಆಚೆ ಎಲ್ಲೋ ನಡೆಯುತ್ತದೆ. ಮೊದಲ ಮ್ಯಾಚಿನಲ್ಲೇ ಒಂದು ಸುಲಭದ ಚೆಂಡು ಬಿಟ್ಟ. ಅತ್ತೆ ಅಭ್ಯಾಸಬಲದಿಂದ, "ಏ ಖೋಡಿ, ಕೈ ಏನ್ ಅಡವಿಟ್ಟು ಬಂದೀಯೇನ?" ಎಂದು ಗುಡುಗಿದರು.

ಇದು ಟಿವಿಯಲ್ಲ, ಫೋನು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಮ್ಲಾಡೆನ್ ಗಕ್ಕನೆ ತಿರುಗಿದ. ಫೋನಿನ ಕಡೆ ಬಗ್ಗಿ, ಎರಡೂ ಕೈ ಬೀಸಿ, ಅವನ ಭಾಷೆಯಲ್ಲಿ ಬಾಯಿಗೆ ಬಂದಂತೆ ಕೂಗಾಡಿದ. ತಪ್ಪು ತನ್ನದಲ್ಲ, ಬಿಸಿಲು ಕಣ್ಣಿಗೆ ಹೊಡೆಯಿತು, ಡಿಫೆಂಡರು ದಂಡಪಿಂಡ ಎಂದೇನೋ ಇರಬೇಕು.

ಅತ್ತೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ತುಂಬಿ ಕೆಳಗೆ ಹರಿಯುತ್ತಿತ್ತು.

"ಸುಮಂಗಲಾ, ನೋಡ ಇಲ್ಲಿ. ತಿರುಗಿ ಮಾತಾಡ್ತಾನ!"