ಚಿಪ್ ಕಾಸಿ ಕೊಡಲ್ಲ ಎನ್ನುವ ಸುನಿತಾ

ನ್ಯಾಮತಿ ಬಸ್ ನಿಲ್ದಾಣಕ್ಕೆ ಸವಳಂಗದ ಮೊದಲ ಬಸ್ಸು ಇನ್ನೂ ಬಂದಿಲ್ಲ. ಎದುರಿನ ಸಾಲಿನಲ್ಲಿ ಒಂದೇ ಅಂಗಡಿಯ ಷಟರ್ ಅರ್ಧ ಎದ್ದಿದೆ. ಒಳಗೆ ಸುನಿತಾ ಫ್ಯಾನ್ ಆರಿಸಿ, ಬಿಚ್ಚಿದ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಕೂತಿದ್ದಾರೆ. ಬೆಸುಗೆ ಕರಗುವಾಗ ಗಾಳಿ ಬೀಸಿದರೆ ಕೆಲಸ ಕೆಡುತ್ತದೆ, ಫ್ಯಾನಿಲ್ಲದೆ ಹಗಲಲ್ಲಿ ಕೂರುವಂತಿಲ್ಲ. ಹಾಗಾಗಿ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿನ ಕೆಲಸವೆಲ್ಲ ಬೆಳಗಿನ ತಂಪಿನಲ್ಲೇ.

ಬಾಗಿಲಲ್ಲಿ ನನ್ನ ಪಕ್ಕ ನಿಂತಿರುವವರು ಗೋವಿನಕೋವಿಯ ಮಮತಾ. ಮದುವೆ ವಿಡಿಯೊ ಎಡಿಟ್ ಮಾಡಿ ಮನೆ ನಡೆಸುತ್ತಾರೆ. ಅವರ ಲ್ಯಾಪ್‌ಟಾಪಿನ ಪರದೆ ತುಂಬ ಈಗ ಗೆರೆಗಳು. ಬೇರೆ ಊರಿನ ಅಂಗಡಿಯೊಂದರಲ್ಲಿ ಎರಡು ಸಲ ಕೆಟ್ಟ ಚಿಪ್ಪನ್ನು ಬದಲಿಸದೆ ಬರೀ ಬಿಸಿಗಾಳಿಯಲ್ಲಿ ಕಾಸಿ ಕೊಟ್ಟಿದ್ದಾರೆ. ಕಾಸಿದ ಚಿಪ್ಪು ಕೆಲವು ವಾರ ನೆಟ್ಟಗೆ ನಡೆದು ಮತ್ತೆ ಕೈಕೊಡುತ್ತದೆ. ಮೂರನೇ ಸಲ ಹೋದಾಗ, ಇದನ್ನು ಎಸೆದು ಹೊಸದು ತಗೊಳ್ಳಿ ಎಂದರಂತೆ. ಎಷ್ಟು ಸಲೀಸಾಗಿ ಹೇಳುತ್ತಾರೆ, ಕೇಳಿದರೆ ನನಗೇ ಮೈ ಉರಿಯುತ್ತದೆ. ಹೊಸದು ಕೊಳ್ಳುವ ಶಕ್ತಿ ಇದ್ದಿದ್ದರೆ ಮಮತಾ ಈ ಹೊತ್ತಿಗೆ ಇಲ್ಲಿ ಯಾಕೆ ನಿಲ್ಲುತ್ತಿದ್ದರು?

“ಅಕ್ಕಾ, ಹೆಂಗೂ ಬಿಚ್ಚಿದೀರಿ. ಇದಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಾಕೆ ಆಗಲ್ವಾ?”

“ಆಗಲ್ಲಮ್ಮ. ಟೇಬಲ್ ಮೇಲಿನ ಕಂಪ್ಯೂಟರ್ ಆಗಿದ್ರೆ ಕಿತ್ತು ಬೇರೆ ಹಾಕಬೋದಿತ್ತು. ಇದ್ರಾಗೆ ಬೋರ್ಡಿಗೇ ಬೆಸೆದುಬಿಟ್ಟಾರೆ. ಅಂಥದ್ದೇ ಇನ್ನೊಂದು ಚಿಪ್ ಕೂರಿಸಬೋದು, ದೊಡ್ಡದು ಕೂರಲ್ಲ. ಆದ್ರೆ ಎಸಿಯಾಕಂತೂ ನಾನು ಬಿಡಲ್ಲ.”

ಸುನಿತಾ ಜಗಳೂರಿನ ಕಡೆಯವರು. ದಾವಣಗೆರೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಕಲಿತು, ಮದುವೆಯಾಗಿ ಇಲ್ಲಿಗೆ ಬಂದವರು. ಅಂಗಡಿ ತೆರೆದ ಹೊಸದರಲ್ಲಿ ಬಂದವರೆಲ್ಲ ಒಳಗೆ ಇಣುಕಿ ಯಜಮಾನರು ಇಲ್ವಾ ಎಂದು ಕೇಳುತ್ತಿದ್ದರು. “ಯಜಮಾನ್ತಿ ಅದೀನಿ, ಏನಾಗೈತೆ ಹೇಳ್ರಿ ಅಂತಿದ್ದೆ” ಎನ್ನುತ್ತಾರೆ. ಕೆಲವರು ತಿರುಗಿ ಹೋದರು. ಈಗಲೂ ಹೋಗುತ್ತಾರೆ, ಕಾರಣ ಬೇರೆ. ಬೇಗ ಕಾಸಿ ಕೊಡಿ ಎಂದರೆ ಇವರು ಒಪ್ಪುವುದಿಲ್ಲ.

“ಹಾಲಾದ್ರೆ ಕಾಸ್ತೀನಿ, ಚಿಪ್ ಕಾಸಲ್ಲ. ಅದು ರಿಪೇರಿ ಅಲ್ಲ ಕಣ್ರೀ, ಮೋಸ.”

ಹೊನ್ನಾಳಿಯಿಂದ ಬಂದ, ನೀರು ಕುಡಿದು ಸತ್ತ ಇಂಥದ್ದೇ ಲ್ಯಾಪ್‌ಟಾಪಿನಿಂದ ಒಳ್ಳೆಯ ಚಿಪ್ಪೊಂದನ್ನು ಸುನಿತಾ ಬಿಡಿಸಿಟ್ಟಿದ್ದಾರೆ. ಇರುವುದು ಅದೊಂದೇ. ಅದು ಸರಿಯಾಗಿ ಕೂರದಿದ್ದರೆ ಈ ಲಗ್ನದ ಸೀಸನ್ನಿನಲ್ಲಿ ಮಮತಾಗೆ ಕೆಲಸವಿಲ್ಲ. ಕೆಟ್ಟ ಚಿಪ್ಪನ್ನು ಎಬ್ಬಿಸಿದ ಜಾಗವನ್ನು ಒರೆಸಿ, ಚಿಮುಟದಲ್ಲಿ ಇದನ್ನು ಇಟ್ಟು ಬೆಸುಗೆ ಕರಗುವಷ್ಟು ಬಿಸಿ ಕೊಡುತ್ತಾರೆ.

ಬೋರ್ಡು ಆರಿದ ಮೇಲೆ ಸ್ವಿಚ್ ಒತ್ತುತ್ತಾರೆ. ಎಡಿಟ್ ಅರ್ಧಕ್ಕೆ ನಿಂತಿದ್ದ ವಿಡಿಯೊವನ್ನು ಮಮತಾ ತೆರೆದರೆ ಮದುಮಗಳು ಒಂದು ಗೆರೆಯೂ ಇಲ್ಲದೆ ನಗುತ್ತಾಳೆ. ಮಮತಾ ಸ್ಟೂಲಿನ ಮೇಲೆ ಕುಸಿದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

“ದೊಡ್ಡ ಕಾರ್ಡೇನೂ ಬಂದಿಲ್ಲಮ್ಮ, ಮೊದಲಿನಂಗೇ ಐತೆ” ಎಂದು ಸುನಿತಾ ಫ್ಯಾನ್ ಹಾಕುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಸುನಿತಾರನ್ನು ಕೇಳುತ್ತೇನೆ.

“ಕಂಪನಿಯೋರು ಚಿಪ್ ಬೆಸೆಯೋ ಬದ್ಲು ಒಂದೆರಡು ಸ್ಕ್ರೂ ಹಾಕಿ ಕೊಡ್ಲಿ, ಜನ ತಾವೇ ಬದಲಾಯಿಸ್ಕೊಂತಾರೆ. ಕೊಡಲ್ವಾ? ಬ್ಯಾಡ ಬಿಡ್ರಿ. ಅವರು ಬೆಸೀತಾ ಇರ್ಲಿ, ನಾನು ಬಿಡಿಸ್ತಾ ಇರ್ತೀನಿ.”