ನೀರು ಹೊರುತ್ತಿದ್ದ ಮುನಿಯಲ್ಲಮ್ಮ ಪೈಪಿನ ಕೆಲಸಕ್ಕೆ ಸೇರಿದ್ದು

ಕೋಲಾರದ ಪೇಟೆಬೀದಿಯಲ್ಲಿ ಮುನಿಯಲ್ಲಮ್ಮ ತಂದ ನೀರು ಕುಡಿಯದ ಮನೆ ಕಡಿಮೆ. ಹೋಳೂರಿನಿಂದ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೆ ಸಿಹಿನೀರಿನ ಬಾವಿಯಿಂದ ಮನೆಮನೆಗೆ ಬಿಂದಿಗೆ ಹೊತ್ತು ಬದುಕು ಕಟ್ಟಿಕೊಂಡಿದ್ದಳು. ಮಾತು ಜೋರು, ನಡಿಗೆ ಅದಕ್ಕಿಂತ ಜೋರು.

೧೯೩೬ರ ಸುಮಾರಿಗೆ ಆ ಬೀದಿಗೆ ನಲ್ಲಿ ಬಂತು. ತಂದವನು ಕಂಟ್ರಾಕ್ಟರ್ ಚನ್ನರಾಯಪ್ಪ. ಅದುವರೆಗೆ ಆತ ಬಾವಿಗಳಿಗೆ ಆಯಿಲ್ ಇಂಜಿನ್ ಕೂರಿಸುತ್ತಿದ್ದವನು. ಪೈಪಿನ ಕೆಲಸಕ್ಕೆ ಅವನಲ್ಲಿ ಇದ್ದದ್ದು ಹಿದಾಯತುಲ್ಲಾ ಮೇಸ್ತ್ರಿ ಒಬ್ಬನೇ, ಅವನ ಇಲಾಖೆಯೆಂದರೆ ಚನ್ನರಾಯಪ್ಪನ ಷೆಡ್ಡಿನ ಹಿಂದಿನ ಹುಣಸೆಮರದ ನೆರಳು.

ನಲ್ಲಿ ಬಂದದ್ದೇ ತಡ, ಮುನಿಯಲ್ಲಮ್ಮ ನೀರು ಹಾಕುತ್ತಿದ್ದ ಮನೆಗಳು ಒಂದೊಂದಾಗಿ ಕೈತಪ್ಪಿದವು. ಅವಳು ಅಳುತ್ತಾ ಕೂರಲಿಲ್ಲ. ನೇರ ಷೆಡ್ಡಿಗೆ ಹೋದಳು.

“ಸ್ವಾಮಿ, ನನ್ನ ಕೆಲ್ಸ ನೀವು ಕಿತ್ಕೊಂಡ್ರಿ. ಈಗ ಬೇರೆ ಕೆಲ್ಸ ನೀವೇ ಕೊಡ್ಬೇಕು.”

ಚನ್ನರಾಯಪ್ಪನಿಗೆ ನಗು ಬಂತು. “ಇದು ಕಬ್ಬಿಣದ ಕೆಲ್ಸ ಕಣಮ್ಮ. ಹೆಂಗಸ್ರಿಗೆ ಇಲ್ಲೇನಿದೆ?”

ಮರದಡಿ ಮೇಸ್ತ್ರಿ ಸೆಣಬಿನ ಹುರಿ ಹೊಸೆಯುತ್ತಿದ್ದ. ಒಂದು ಪೈಪಿನ ಬಾಯಿಗೆ ಇನ್ನೊಂದನ್ನು ತೂರಿಸಿ, ಸಂದಿಗೆ ಆ ಹುರಿ ತುರುಕಿ, ಮೇಲೆ ಕರಗಿದ ಸೀಸ ಹುಯ್ಯಬೇಕು. ಮುನಿಯಲ್ಲಮ್ಮ ಅವನ ಪಕ್ಕ ಕೂತು, ಸೆಣಬು ತೆಗೆದುಕೊಂಡು ತೊಡೆಯ ಮೇಲೆ ಹೊಸೆದಳು. ಹೋಳೂರಿನಲ್ಲಿ ದನದ ಹಗ್ಗ ಹೊಸೆದ ಕೈ ಅದು.

“ಮಾಲೀಕ್, ಈ ಅಕ್ಕನ್ನ ಇಟ್ಕೊಳ್ಳಿ,” ಎಂದ ಹಿದಾಯತುಲ್ಲಾ. “ನಂಗೆ ಇರೋದು ಎರಡೇ ಕೈ.”

ಹೀಗೆ ಅವಳಿಗೆ ಕೆಲಸ ಸಿಕ್ಕಿತು. ಆದರೆ ಜೊತೆಯಲ್ಲಿ ನೀರು ಹೊರುತ್ತಿದ್ದ ಮುನಿಶಾಮಮ್ಮ ಸಂತೆಯಲ್ಲೇ ತಡೆದು ನಿಲ್ಲಿಸಿದಳು. “ಏನೇ, ನಮ್ಮ ಹೊಟ್ಟೆ ಮೇಲೆ ಹೊಡೆದೋರ ಮನೇಲೇ ಉಣ್ಣಕ್ಕೆ ಕೂತ್ಯಾ?”

ಆ ಮಾತು ನಾಟಿತು. ಮಾಲೂರಿನಲ್ಲಿ ಹೊಸ ಕೆಲಸ ಹಿಡಿದಾಗ ಮುನಿಯಲ್ಲಮ್ಮ ಹಟ ಹಿಡಿದು ಮುನಿಶಾಮಮ್ಮನನ್ನೂ ಸೇರಿಸಿದಳು. ಆಕೆ ಮುಖ ಊದಿಸಿಕೊಂಡೇ ಬಂದಳು, ಆದರೆ ಬಂದಳು. ಅಲ್ಲಿಂದ ಅದೇ ರೂಢಿಯಾಯಿತು. ಎಲ್ಲಿ ಪೈಪು ಹೂತರೂ ಮುನಿಯಲ್ಲಮ್ಮ ಮೊದಲು ಕೇಳುತ್ತಿದ್ದ ಮಾತು, “ಇಲ್ಲಿ ನೀರು ಹೊರೋಳು ಯಾರು?”

ಯುದ್ಧ ಬಂತು, ಕಬ್ಬಿಣ ಮಾಯವಾಯಿತು. ಮುಳಬಾಗಿಲಿನ ಛತ್ರವೊಂದಕ್ಕೆ ಬೆಟ್ಟದ ಬಂಡೆಯ ದೊಣೆಯಿಂದ ನೀರು ತರುವ ಕೆಲಸ ಅರ್ಧಕ್ಕೆ ನಿಂತಿತು. ಪೈಪಿನ ಕೆಲಸವನ್ನೇ ಮುಚ್ಚಿಬಿಡೋಣವೆಂದ ಚನ್ನರಾಯಪ್ಪ.

“ಮಾಲೂರಲ್ಲಿ ಹೆಂಚು ಸುಡ್ತಾರಲ್ಲ ಸ್ವಾಮಿ, ಕೊಳವೆ ಸುಡಲ್ಲ ಅಂತಾರಾ? ಕೇಳಿ ನೋಡಿ,” ಎಂದಳು ಮುನಿಯಲ್ಲಮ್ಮ.

ಕೇಳಿದರು, ಸುಟ್ಟುಕೊಟ್ಟರು. ಹುಲ್ಲಿನ ಮೇಲೆ ಮಲಗಿ ಮಣ್ಣಿನ ಕೊಳವೆಗಳು ಗಾಡಿಯಲ್ಲಿ ಬಂದವು. ಸೀಸದ ಬದಲು ಗಾರೆ ಮೆತ್ತಿದರು. ಮೊದಲ ಸಲ ನೀರು ಬಿಟ್ಟಾಗ ನಡುದಾರಿಯಲ್ಲೇ ಕೊಳವೆ ಹೂತ ಕಾಲುವೆ ಕೆಸರಾಯಿತು. ಅಗೆದು ನೋಡಿದರೆ ಮುನಿಯಲ್ಲಮ್ಮ ತಾನೇ ಹುರಿ ತುರುಕಿದ ಜಾಗ. ಕೊಳವೆಯ ಬಾಯಿ ಸೀಳಿತ್ತು. ಅವಳ ಮುಖ ಸಪ್ಪಗಾಯಿತು.

“ಅಕ್ಕಾ, ಕಬ್ಬಿಣ ಅಂತ ಗುದ್ದಿಬಿಟ್ಟಿದ್ದೀರಿ,” ಎಂದ ಮೇಸ್ತ್ರಿ ಮೆಲ್ಲಗೆ. “ಇದು ಮಡಕೆ ಜಾತಿ.”

“ಅಯ್ಯೋ ಸಾಬ್ರೇ! ಹುಟ್ಟಿದಾಗಿಂದ ಮಡಕೆ ಹೊತ್ತೋಳಿಗೆ ಇದು ಹೊಳೀಲಿಲ್ವಲ್ಲ!” ಎಂದು ಅವಳೇ ಮೊದಲು ನಕ್ಕಳು. ಸುತ್ತ ನಿಂತವರೂ ನಕ್ಕರು. ಆ ಕೊಳವೆ ಬದಲಾಯಿಸಿ, ಹುರಿಯನ್ನು ಬೆರಳಲ್ಲೇ ಒತ್ತಿ ಕೂರಿಸಿ, ಗಾರೆ ಒಣಗದಂತೆ ಒದ್ದೆ ಗೋಣಿ ಸುತ್ತಿದರು. ಗಾರೆ ಗಟ್ಟಿಯಾದ ಮೇಲೆ ಬಿಟ್ಟ ನೀರು ಛತ್ರದ ತೊಟ್ಟಿಗೆ ಸೊರಸೊರನೆ ಇಳಿಯಿತು. ಅಲ್ಲಿ ಮೊದಲು ಬೆಟ್ಟದಿಂದ ನೀರು ಹೊತ್ತು ಇಳಿಸುತ್ತಿದ್ದ ರಾಮಲಕ್ಷ್ಮಮ್ಮ, ಕಾಲುವೆ ಅಗೆದ ದಿನದಿಂದಲೇ ಅವರ ಗುಂಪಿನಲ್ಲಿದ್ದಳು. ತಲೆಯ ಮೇಲೆ ಬಿಂದಿಗೆಯ ಸಿಂಬಿ ಕೂತ ಗುರುತನ್ನು ಸವರಿಕೊಳ್ಳುತ್ತಾ ಅವಳು ತೊಟ್ಟಿಯನ್ನೇ ನೋಡುತ್ತಾ ನಿಂತಳು.

ಯುದ್ಧ ಮುಗಿದ ಮೇಲೆ ಕಬ್ಬಿಣವೂ ಬಂತು, ಚನ್ನರಾಯಪ್ಪನ ಬಾಗಿಲಿಗೆ ಲಾರಿಯೂ ಬಂತು. ಪೈಪಿನವರಿಗೆ ಬೇರೆ ಷೆಡ್ಡು, ಹಿದಾಯತುಲ್ಲಾನ ಕೈಕೆಳಗೆ ನಾಲ್ಕು ಮೇಸ್ತ್ರಿಗಳು, ಮುನಿಯಲ್ಲಮ್ಮನ ಹಿಂದೆ ಹೆಂಗಸರದೇ ಒಂದು ದಂಡು. ಶ್ರೀನಿವಾಸಪುರದಲ್ಲೂ ಷೆಡ್ಡು ಹಾಕಬೇಕೆಂದಾಗ ಅಲ್ಲಿನವರಿಗೆ ಕೆಲಸ ಕಲಿಸಲು ಅವಳೇ ಹೊರಟಳು. ಡ್ರೈವರು ಮುಂದೆ ಕೂರಲು ಕರೆದರೂ ಕೇಳದೆ, ಗೆಳತಿಯರ ಜೊತೆ ಹಿಂದೆ ಸೆಣಬಿನ ಮೂಟೆಗಳ ಮೇಲೆ ಕೂತಳು. ದಾರಿಯುದ್ದಕ್ಕೂ ಮಾವಿನ ತೋಪು. ಮುನಿಶಾಮಮ್ಮ ಎಲ್ಲಿಂದಲೋ ಹಣ್ಣು ಸಂಪಾದಿಸಿದ್ದಳು. ರಸ ಮೊಣಕೈವರೆಗೆ ಇಳಿಯುತ್ತಿದ್ದರೂ ಮುನಿಯಲ್ಲಮ್ಮನ ಮಾತು ಮಾತ್ರ ನಿಂತಿರಲಿಲ್ಲ.