ಖಾಲಿ ಸ್ಟ್ರಿಪ್ ತಂದರೆ ಮಾತ್ರ ಚಿಯಾ

ಅವರ ಎಡಗಾಲಿನಲ್ಲಿ ಮೂರೇ ಬೆರಳುಗಳಿದ್ದವು. ಶಿವಾಜಿನಗರದ ಆ ಇಕ್ಕಟ್ಟಿನ ಗ್ರಂಧಿಗೆ ಅಂಗಡಿಯಲ್ಲಿ ಮೆಣಸು, ಅಳಲೆಕಾಯಿ, ಬಜೆಯ ಚೀಲಗಳ ನಡುವೆ ಆ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡೇ ಕೂತಿರುತ್ತಿದ್ದರು. ನಾವೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದೆವು. ತೀರಿಕೊಂಡ ಮೇಲೆ ಈಗ ಎಲ್ಲರೂ ಅವರನ್ನು ಬಹಳ ಸೌಮ್ಯ ಸ್ವಭಾವದವರು ಎನ್ನುತ್ತಾರೆ. ನಾನಂತೂ ಒಪ್ಪುವುದಿಲ್ಲ. ಅವರು ಜಗಳಗಂಟರು, ಅದಕ್ಕೇ ನನಗೆ ಬೇಕಾದವರು.

ನಾನು ಇಂದಿರಾನಗರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಚಿಯಾ ಬೀಜವನ್ನು ಹಾಲಿನಲ್ಲಿ ನೆನೆಸಿ, ಮೇಲೆ ಎರಡು ಹೋಳು ಮಾವು ಇಟ್ಟುಕೊಟ್ಟರೆ ಜನ ಫೋಟೊ ತೆಗೆದುಕೊಂಡು ತಿನ್ನುತ್ತಾರೆ. ಅದು ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂದು, ಆ ಕಾಯಿಲೆಯಿದ್ದ ಅವ್ವನ ತಲೆಗೆ ತುಂಬಿದವಳು ನಾನೇ. ಹೊರಮಾವಿನ ನಮ್ಮ ಬಾಡಿಗೆ ಮನೆಗೆ ಭಾಯ್ ಅಂಗಡಿಯಿಂದ ಮೊದಲ ಪೊಟ್ಟಣ ತಂದವಳೂ ನಾನೇ.

ಅವತ್ತು ಭಾಯ್ ಎರಡು ಲೋಟ ನೀರಿಟ್ಟು, ಒಂದಕ್ಕೆ ಕಾಮಕಸ್ತೂರಿ ಬೀಜ, ಇನ್ನೊಂದಕ್ಕೆ ಚಿಯಾ ಹಾಕಿ ತೋರಿಸಿದ್ದರು. "ಕಾಮಕಸ್ತೂರಿ ಪೂರಾ ಕಪ್ಪು, ಬೇಗ ಉಬ್ಬತ್ತೆ. ಚಿಯಾ ಬೂದು, ಮೈಮೇಲೆ ಚುಕ್ಕೆ, ನಿಧಾನ. ಕಂದು ಬೀಜ ಜಾಸ್ತಿ ಕಂಡ್ರೆ ಬಲಿತಿಲ್ಲ ಅಂತ, ತಗೋಬೇಡಿ. ಒಣದು ಬಾಯಿಗೆ ಹಾಕ್ಬೇಡಿ, ಗಂಟಲಲ್ಲಿ ಉಬ್ಬಿದ್ರೆ ನನ್ನ ಕೇಳ್ಬೇಡಿ."

ಅವ್ವ ಕಲಬುರಗಿ ಕಡೆಯವಳು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವಳಲ್ಲ. ಎರಡನೇ ಪೊಟ್ಟಣಕ್ಕೆ ನನ್ನ ಜೊತೆ ಅಂಗಡಿಗೆ ಬಂದವಳು, "ಗುಳಗಿ ಬಿಟ್ಟೀನ್ರಿ ಭಾಯ್, ಈಗ ಬರೇ ಬೀಜ," ಎಂದು ಹೆಮ್ಮೆಯಿಂದ ಹೇಳಿದಳು. ಅದು ನನಗೂ ಗೊತ್ತಿರಲಿಲ್ಲ. ಭಾಯ್ ಅವಳ ಕೈಗೆ ಕೊಟ್ಟಿದ್ದ ಪೊಟ್ಟಣವನ್ನು ವಾಪಸ್ ಕಿತ್ತುಕೊಂಡರು.

"ಕೊಡಲ್ಲ ಅಕ್ಕಾ."

"ಊರಾಗ ನಿಮ್ದೊಂದೇ ಅಂಗಡಿ ಐತೇನ್ರಿ?"

"ತುಂಬಾ ಇದೆ, ಹೋಗಿ. ಈ ಕಾಲು ನೋಡ್ಕೊಂಡು ಹೋಗಿ. ನಾನೂ ಸಕ್ಕರೆ ಕಾಯಿಲೆಗೆ ಕಷಾಯ ನಂಬಿ ಮಾತ್ರೆ ಬಿಟ್ಟಿದ್ದೆ, ನನ್ನ ಅಂಗಡಿದೇ ಕಷಾಯ. ಎರಡು ಬೆರಳು ಕತ್ತರಿಸಿದ್ರು. ಚಿಯಾ ತಿಂದ್ರೆ ಹೊಟ್ಟೆ ಸಲೀಸಾಗತ್ತೆ, ಹಸಿವು ತಡಿಯತ್ತೆ. ಅದು ಊಟ ಅಕ್ಕಾ, ಔಷಧ ಅಲ್ಲ. ಮಾತ್ರೆ ನುಂಗಿ ಖಾಲಿ ಸ್ಟ್ರಿಪ್ ತನ್ನಿ, ಬೀಜ ತಗೊಂಡು ಹೋಗಿ."

ಅವ್ವ ಸೋಲುವವಳೇ? ಮನೆಯಲ್ಲಿ ಉಳಿದಿದ್ದ ಬೀಜವನ್ನು ಗೌರಿ ಹಬ್ಬದ ಹೊತ್ತಿಗೆ ತಾರಸಿಯ ಮೇಲೆ ಪೇಂಟ್ ಬಕೆಟ್ಟುಗಳಲ್ಲಿ ಉದುರಿಸಿ, ತೆಳ್ಳಗೆ ಮಣ್ಣು ಹರಡಿ, ನೀರು ಚಿಮುಕಿಸಿದಳು. "ಆ ಮುದುಕನ ಹಂಗ್ಯಾಕ ನನಗ?" ಗಿಡ ಎದೆಯೆತ್ತರ ಬೆಳೆಯಿತು. ದೀಪಾವಳಿ ಕಳೆದರೂ ಒಂದು ಹೂವಿಲ್ಲ. ಅಷ್ಟರಲ್ಲಿ ಅವಳ ಅಂಗಾಲು ಜೋಮು ಹಿಡಿಯತೊಡಗಿತ್ತು. ಗುಳಿಗೆ ನುಂಗು ಎಂದು ನಾನು ಅತ್ತರೂ ಕೇಳಲಿಲ್ಲ. ನನಗೆ ಭಯವಾಗಿತ್ತು, ಬೀಜದ ಹುಚ್ಚು ಹಿಡಿಸಿದವಳು ನಾನೇ ಅಲ್ಲವೇ.

ನನ್ನ ಕಣ್ಣೀರಿಗೆ ಬಗ್ಗದವಳು ಹೂವಿಗಾಗಿ ಭಾಯ್ ಮುಂದೆ ಹೋಗಿ ನಿಂತಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಹೂ ಯಾಕೆ ಬಿಟ್ಟಿಲ್ಲ ಅಂತ ಗೊತ್ತು. ಹೇಳಲ್ಲ. ಡಾಕ್ಟರ್ ಹತ್ರ ಹೋಗಿ, ಮಾತ್ರೆ ಶುರು ಮಾಡಿ. ಖಾಲಿ ಸ್ಟ್ರಿಪ್ ತಂದ ದಿನ ಹೇಳ್ತೀನಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದಳು. ಮರುದಿನ ಡಾಕ್ಟರ ಹತ್ತಿರ ಹೋದಳು, ಗುಳಿಗೆ ನುಂಗಿದಳು. ಸ್ಟ್ರಿಪ್ ಮುಗಿದ ದಿನವೇ ಅದನ್ನು ಒಯ್ದು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು. "ಈಗ ಹೇಳ್ರಿ."

"ಬೀದಿದೀಪದ ಬೆಳಕು ತಾರಸಿ ಮೇಲೆ ಬೀಳತ್ತಾ?"

"ಬೀಳ್ತದ."

"ಅದಕ್ಕೇ. ಕತ್ತಲೆ ಉದ್ದ ಸಿಕ್ಕಿದ್ರೇ ಈ ಗಿಡ ಹೂ ಬಿಡೋದು. ರಾತ್ರಿ ಬೆಳಕು ತಾಕದ ಕಡೆ ಇಡಿ."

ಬಕೆಟ್ಟುಗಳನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದೆವು. ಕೆಲವು ವಾರಗಳಲ್ಲಿ ನೀಲಿ ಹೂವಿನ ತೆನೆಗಳು ಬಂದವು. ಅಷ್ಟರಲ್ಲಿ ಅವ್ವ ಇನ್ನೂ ಕೆಲವು ಸ್ಟ್ರಿಪ್ ಒಯ್ದು ತೋರಿಸಿ ಬಂದಿದ್ದಳು. ಶಿವರಾತ್ರಿಯ ಹೊತ್ತಿಗೆ ಒಣಗಿದ ತೆನೆಗಳನ್ನು ತಿಕ್ಕಿ, ಮೊರದಲ್ಲಿ ಕೇರಿದಾಗ ಸಿಕ್ಕಿದ್ದು ಅರ್ಧ ಲೋಟ ಬೀಜ. ಅದನ್ನು ಭಾಯ್ ಮುಖಕ್ಕೆ ಹಿಡಿದು ತೋರಿಸಬೇಕೆಂದು ಅವ್ವ ಹೊಸ ಸೀರೆ ಉಟ್ಟು ಹೊರಟಳು.

ಅಂಗಡಿಯಲ್ಲಿ ಅವರ ಮಗ ಕೂತಿದ್ದ. ಭಾಯ್ ಹೋಗಿ ಹತ್ತು ದಿನವಾಗಿತ್ತಂತೆ. ನಿದ್ದೆಯಲ್ಲೇ ಎದೆ ನಿಂತಿತಂತೆ. ಅವ್ವ ಚೀಲಗಳ ನಡುವೆಯೇ ಕುಸಿದು ಕೂತು ಅತ್ತಳು. ಏನು ಮಾಡುವುದೆಂದು ತಿಳಿಯದೆ ಆ ಹುಡುಗ ಒಂದು ಪೊಟ್ಟಣ ಚಿಯಾ ಕಟ್ಟಿ ಅವಳತ್ತ ಚಾಚಿದ. ಅವ್ವ ಕೈ ಹಿಂದಕ್ಕೆಳೆದುಕೊಂಡಳು.

"ಹಂಗ ಕೊಡಬ್ಯಾಡಪ್ಪ. ಗುಳಗಿ ನುಂಗೀಯೇನು ಅಂತ ಮೊದಲ ಕೇಳು. ಗದರಿಸಿ ಕೇಳು."